ದೊಡ್ಡ ಸರ್ವರ್, ರೆಡಿಸ್, ಎಂಜಿನ್‌ಎಕ್ಸ್ ಕ್ಯಾಶ್: ನನ್ನ ಅಡಿಕೆ ಧಾರಣೆ ಸೈಟಿಗೆ ಒಗ್ಗಿದ್ದು ಯಾವುದು

ನನ್ನದು ಸಣ್ಣ ಸೈಟು. ಶಿವಮೊಗ್ಗ, ಸಾಗರ, ಶಿರಸಿ ಮಾರುಕಟ್ಟೆಗಳ ಅಡಿಕೆ ಧಾರಣೆ ಹಾಕುತ್ತೇನೆ. ಪುಟ ಕಟ್ಟುವುದು ಪಿಎಚ್‌ಪಿ, ದರಗಳನ್ನು ಇಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್, ಮುಂದೆ ನಿಂತು ಬಂದವರಿಗೆ ಪುಟ ಕೊಡುವ ವೆಬ್ ಸರ್ವರ್ ಎಂಜಿನ್‌ಎಕ್ಸ್. ಹಗಲೆಲ್ಲ ತಣ್ಣಗಿರುತ್ತದೆ. ಸಂಜೆ ರಾಶಿ, ಬೆಟ್ಟೆ, ಗೊರಬಲು ಬಗೆಗಳ ದರ ಹಾಕಿ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಹೋದದ್ದೇ ತಡ, ಎಲ್ಲರೂ ಒಟ್ಟಿಗೆ ಬರುತ್ತಾರೆ. ಆಗಲೇ ಪುಟ ತೆರೆಯದೆ ಸುತ್ತುತ್ತಾ ಕೂರುತ್ತಿತ್ತು. ಮೂರು ದಾರಿ ಹಿಡಿದು ನೋಡಿದೆ. ನನಗೆ ಒಗ್ಗಿದ್ದು ಎಂಜಿನ್‌ಎಕ್ಸ್‌ನ ಫಾಸ್ಟ್‌ಸಿಜಿಐ ಕ್ಯಾಶ್, ಅಂದರೆ ಕಟ್ಟಿದ ಪುಟವನ್ನು ಸ್ವಲ್ಪ ಹೊತ್ತು ಎತ್ತಿಟ್ಟುಕೊಂಡು ಕೊಡುವ ವ್ಯವಸ್ಥೆ.

ಮೊದಲು ದುಡ್ಡು ಸುರಿದೆ. 1 ಜಿಬಿ ಸರ್ವರ್ ಬಿಟ್ಟು 4 ಜಿಬಿಯದಕ್ಕೆ ಹೋದೆ. ಬಾಡಿಗೆ ಜಾಸ್ತಿ ಆಯಿತು, ಸಂಜೆಯ ಪರದಾಟ ಹಾಗೇ ಉಳಿಯಿತು. ಕಾರಣ ಸರ್ವರ್ ಬರೆದಿಡುವ ಲಾಗ್‌ನಲ್ಲೇ ಇತ್ತು: ಪಿಎಚ್‌ಪಿಯನ್ನು ಓಡಿಸುವ ಪಿಎಚ್‌ಪಿ-ಎಫ್‌ಪಿಎಂನ ಮ್ಯಾಕ್ಸ್ ಚಿಲ್ಡ್ರನ್ ಮಿತಿ 5. ಜೊತೆಗೆ ಬರುವ ಕಾನ್ಫಿಗ್ ಫೈಲಿನಲ್ಲಿ ಅಷ್ಟೇ ಇರುತ್ತದೆ. ಮೆಮೊರಿ ಎಷ್ಟೇ ಇರಲಿ, ಒಂದು ಸಲಕ್ಕೆ ಐದು ಜನರ ಕೆಲಸ ಮಾತ್ರ, ಆರನೆಯವರು ಸಾಲಿನಲ್ಲಿ. ಅದನ್ನು 20 ಮಾಡಿದೆ. ಸಾಲು ಡೇಟಾಬೇಸ್ ಮುಂದಕ್ಕೆ ಸರಿಯಿತು. ದರ ಕೇಳುವ ಕ್ವೆರಿ ಹೇಗೆ ಓಡುತ್ತದೆ ಅಂತ ಎಕ್ಸ್‌ಪ್ಲೇನ್ ಹಾಕಿ ನೋಡಿದರೆ ಇಡೀ ಟೇಬಲ್ ಓದುತ್ತಿತ್ತು. ಮಾರುಕಟ್ಟೆ, ತಾರೀಖು ಎರಡೂ ಸೇರಿದ ಒಂದು ಇಂಡೆಕ್ಸ್ ಹಾಕಿದೆ, ಬೇಕಾದ ದರಕ್ಕೆ ನೇರ ಹೋಗಲು. ಯಾವ ದಾರಿ ಹಿಡಿಯುವ ಮೊದಲೂ ಈ ಎರಡನ್ನು ನೋಡಿಕೊಳ್ಳಿ, ಕಾಸು ಖರ್ಚಿಲ್ಲ.

ಎರಡನೇ ದಾರಿ ರೆಡಿಸ್, ಅಂದರೆ ಮಾಹಿತಿಯನ್ನು ಮೆಮೊರಿಯಲ್ಲಿ ಇಡುವ ಪ್ರತ್ಯೇಕ ಸರ್ವಿಸ್. ಅದು ಒಳ್ಳೆಯದೇ. ಕ್ವೆರಿಯ ಉತ್ತರವನ್ನು ಮೆಮೊರಿಯಲ್ಲಿ ಇಟ್ಟೆ, ಡೇಟಾಬೇಸ್ ಹಗುರಾಯಿತು. ಆದರೂ ಪ್ರತಿ ಸಲ ಪಿಎಚ್‌ಪಿ ಏಳಲೇಬೇಕು, ಪುಟ ಕಟ್ಟಲೇಬೇಕು. ನನ್ನಲ್ಲಿ ಎಲ್ಲರೂ ನೋಡುವುದು ಒಂದೇ ಪುಟ, ಅದನ್ನೇ ಸುಮ್ನೆ ಮತ್ತೆ ಮತ್ತೆ ಯಾಕೆ ಕಟ್ಟಬೇಕು, ಅಲ್ವಾ? ಲಾಗಿನ್, ಕಾರ್ಟ್ ಇದ್ದು ಒಬ್ಬೊಬ್ಬರಿಗೆ ಒಂದೊಂದು ಪುಟ ಕೊಡುವವರಿಗೆ ಮಾತ್ರ ರೆಡಿಸೇ ಸರಿ. ಇಂಥದ್ದೇ ಇನ್ನೊಂದಾದ ಮೆಮ್‌ಕ್ಯಾಶ್‌ಡ್‌ಗೂ ಇದೇ ಮಾತು.

ಫಾಸ್ಟ್‌ಸಿಜಿಐ ಕ್ಯಾಶ್‌ನಲ್ಲಿ ಪಿಎಚ್‌ಪಿ ಒಮ್ಮೆ ಕಟ್ಟಿದ ಪುಟವನ್ನು ಎಂಜಿನ್‌ಎಕ್ಸ್ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಮುಂದಿನವರಿಗೆ ತಾನೇ ಕೊಡುತ್ತದೆ. 30 ಸೆಕೆಂಡ್ ಅವಧಿ ಇಟ್ಟೆ. ಆದರೆ ನನ್ನ ಎರಡು ರಾತ್ರಿ ನಿದ್ದೆ ಕೆಡಿಸಿದ್ದೂ ಇದೇ. ಎಷ್ಟು ಸಲ ಕೇಳಿದರೂ ಕ್ಯಾಶ್ ಸ್ಟೇಟಸ್ ಮಿಸ್, ಮಿಸ್, ಮಿಸ್, ಅಂದರೆ ಎತ್ತಿಟ್ಟ ಪುಟ ಇಲ್ಲ.

ಕರ್ಲ್ ಎಂಬ ಕಮಾಂಡ್ ಹಾಕಿ, ಪುಟದ ಜೊತೆ ಬರುವ ಸೂಚನೆಗಳಾದ ಹೆಡರ್‌ಗಳನ್ನು ಒಂದೊಂದಾಗಿ ಓದಿದೆ. ಪುಟದ ಅವಧಿ ಯಾವಾಗ ಮುಗಿಯುತ್ತದೆ ಅಂತ ಹೇಳುವ ಎಕ್ಸ್‌ಪೈರ್ಸ್ ಎದುರು 1981ರ ನವೆಂಬರ್ 19! ಅಂಥ ತಾರೀಖನ್ನು ನಾನೆಲ್ಲೂ ಬರೆದಿರಲಿಲ್ಲ. ಹುಡುಕಿದಾಗ ಗೊತ್ತಾಯಿತು: ಸೆಷನ್ (ಬಂದವರು ಯಾರು ಅಂತ ನೆನಪಿಡುವುದು) ಶುರುವಾದ ಪುಟವನ್ನು ಯಾರೂ ಇಟ್ಟುಕೊಳ್ಳಬಾರದು ಅಂತ ಪಿಎಚ್‌ಪಿಯೇ ಈ ಹಳೆಯ ತಾರೀಖು ಕಳಿಸುತ್ತದೆ. ಜೊತೆಗೆ ಸೆಷನ್ ಐಡಿಯ ಕುಕಿಯನ್ನು ಬ್ರೌಸರ್‌ಗೆ ಕೊಡುವ ಸೆಟ್-ಕುಕಿ ಹೆಡರ್. ಇವೆರಡರಲ್ಲಿ ಒಂದು ಕಂಡರೂ ಎಂಜಿನ್‌ಎಕ್ಸ್ ಆ ಪುಟ ಇಟ್ಟುಕೊಳ್ಳುವುದಿಲ್ಲ. ನನ್ನ ಎಲ್ಲ ಪುಟಗಳಿಗೂ ಸೇರುವ ಫೈಲಿನ ಮೊದಲ ಸಾಲೇ ಸೆಷನ್ ಸ್ಟಾರ್ಟ್. ಅಡ್ಮಿನ್ ಲಾಗಿನ್‌ಗೆ ಅಂತ ಎಂದೋ ಬರೆದದ್ದು. ದರ ನೋಡಲು ಬಂದ ಪ್ರತಿಯೊಬ್ಬರಿಗೂ ಅದು ಕುಕಿ ಹಂಚುತ್ತಿತ್ತು.

ಈ ಹೆಡರ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಎಂಜಿನ್‌ಎಕ್ಸ್‌ಗೆ ಒಂದೇ ಸಾಲಿನಲ್ಲಿ ಹೇಳಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಪುಟದ ಜೊತೆ ಕುಕಿಯೂ ಕ್ಯಾಶ್‌ಗೆ ಹೋಗಿ, ಒಬ್ಬರ ಸೆಷನ್ ಐಡಿ ಎಲ್ಲರ ಕೈ ಸೇರುತ್ತದೆ. ನಾನು ಸೆಷನ್ ಸ್ಟಾರ್ಟ್ ಸಾಲನ್ನು ಅಡ್ಮಿನ್ ಪುಟಗಳಿಗೆ ಮಾತ್ರ ಸರಿಸಿದೆ. ಮತ್ತೆ ಕರ್ಲ್ ಹಾಕಿದೆ. ಮೊದಲ ಸಲ ಮಿಸ್, ಎರಡನೇ ಸಲ ಹಿಟ್, ಅಂದರೆ ಪುಟ ಕ್ಯಾಶ್‌ನಿಂದಲೇ ಬಂತು. ರಾತ್ರಿ ಒಂದು ಗಂಟೆಗೆ ಆ ಪದ ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಹಳೆ ಪುಟ ಯಾವಾಗ ಕೊಡಬಹುದು ಅಂತ ಎಂಜಿನ್‌ಎಕ್ಸ್‌ಗೆ ಹೇಳುವ ಯೂಸ್ ಸ್ಟೇಲ್ ಸೆಟ್ಟಿಂಗ್‌ಗೆ ಅಪ್‌ಡೇಟಿಂಗ್ ಕೂಡ ಸೇರಿಸಿ. ಅವಧಿ ಮುಗಿದಾಗ ಒಬ್ಬರ ಕೋರಿಕೆ ಮಾತ್ರ ಪಿಎಚ್‌ಪಿಗೆ ಹೋಗುತ್ತದೆ, ಹೊಸದು ಬರುವವರೆಗೆ ಉಳಿದವರಿಗೆ ಹಳೆ ಪುಟ.

ಈಗ ಮತ್ತೆ 1 ಜಿಬಿ ಸರ್ವರ್‌ಗೇ ಬಂದಿದ್ದೇನೆ. ನೋಡಿಕೊಳ್ಳುವವನು ನಾನೊಬ್ಬನೇ, ಅದೂ ರಾತ್ರಿ ಊಟ ಆದ ಮೇಲೆ. ಇನ್ನೊಂದು ಸರ್ವಿಸ್ ಓಡುತ್ತಿದೆಯೋ ಇಲ್ಲವೋ ಅಂತ ಕಾಯುವ ಪುರುಸೊತ್ತು ನನಗಿಲ್ಲ. ಬಿಟ್ಟಿ ಸಿಗುವ ಎಂಜಿನ್‌ಎಕ್ಸ್‌ನಲ್ಲಿ ಬೇಕಾದ ಪುಟವನ್ನಷ್ಟೇ ಕ್ಯಾಶ್‌ನಿಂದ ಅಳಿಸುವ ಪರ್ಜ್ ಇಲ್ಲ. ಅವಧಿ 30 ಸೆಕೆಂಡ್ ಇಟ್ಟಿದ್ದೇ ಅದಕ್ಕೆ. ಮೊನ್ನೆ ರಾಶಿ ದರದಲ್ಲಿ ಒಂದು ಅಂಕಿ ತಪ್ಪಿತ್ತು, ಸಾಗರದ ಬೆಳೆಗಾರರೊಬ್ಬರು ಫೋನ್ ಮಾಡಿದರು. ನಾನು ಅದನ್ನು ಸರಿ ಮಾಡಿ, "ಅರ್ಧ ನಿಮಿಷ ಬಿಟ್ಟು ನೋಡಿ" ಅಂದೆ. ಫೋನ್ ಇಡುವ ಮೊದಲೇ "ಹಾಂ, ಬಂತು ಮಾರಾಯ್ರೆ" ಅಂದರು.