ಟಿಕ್ ಶಬ್ದ ನಿಂತಿತು, ಧ್ವನಿ ಇದ್ದ ಹಾಗೇ ಇದೆ

ರೆಕಾರ್ಡಿಂಗಿನ ಡಿಜಿಟಲ್ ಉಪಕರಣಗಳೆಲ್ಲ ಒಂದೇ ವೇಗದಲ್ಲಿ ನಡೆಯುವಂತೆ ಸಮಯದ ಮಿಡಿತ ಕೊಡುವ ಈ ವರ್ಡ್ ಕ್ಲಾಕ್ ಪೆಟ್ಟಿಗೆ ತಗೊಂಡು ಎಂಟು ತಿಂಗಳಾಯಿತು. ಅರ್ಧ ರ‍್ಯಾಕ್ ಅಗಲ, ಹಿಂದೆ ಆರು ಬಿಎನ್‌ಸಿ (ದುಂಡು ಕೇಬಲ್ ಕನೆಕ್ಟರ್) ಔಟ್‌ಪುಟ್, ಮುಂದೆ ಒಂದೇ ನಾಬ್. ದೊಡ್ಡದೊಂದು ದೂರು ಇರುವುದರಿಂದ ಕಂಪನಿಯ ಹೆಸರು ಹೇಳುವುದಿಲ್ಲ.

ತಗೊಂಡಿದ್ದು ಯಾಕೆಂದರೆ ಒಂದು ಟಿಕ್ ಶಬ್ದಕ್ಕೆ. ಸದ್ದನ್ನು ಕಂಪ್ಯೂಟರಿಗೆ ಕೊಡುವ ನನ್ನ ಇಂಟರ್‌ಫೇಸ್‌ಗೆ, ಮೈಕಿನ ಸದ್ದು ಹಿಗ್ಗಿಸಿ ಡಿಜಿಟಲ್ ಮಾಡುವ ಎಂಟು ಚಾನೆಲ್‌ನ ಎರಡು ಪ್ರೀಆಂಪ್‌ಗಳು ಆಪ್ಟಿಕಲ್ ಕೇಬಲ್‌ನಲ್ಲಿ ಸೇರಿವೆ. ಎರಡನೆಯದರಲ್ಲಿ ಮಾತ್ರ ಆಗಾಗ ಟಿಕ್. ವಾದ್ಯ ಜೋರಾಗಿದ್ದಾಗ ಕೇಳಿಸದು, ಹಾಡುವವರು ಉಸಿರು ತಗೊಂಡಾಗ ಮಾತ್ರ ಕಿವಿಗೆ ಚುಚ್ಚುವುದು. ಮೈಕ್ ಕೇಬಲ್ ಬದಲಾಯಿಸಿದೆ. ಆಮೇಲೆ ಮೈಕನ್ನೇ ಬದಲಾಯಿಸಿದೆ. ಕೊನೆಗೆ ಸುಮ್ನೆ ಎಣಿಸುತ್ತಾ ಕೂತೆ. ಸುಮಾರು ನಾಲ್ಕು ಸೆಕೆಂಡಿಗೊಮ್ಮೆ ಸರಿಯಾಗಿ ಬರುತ್ತಿತ್ತು. ಸಡಿಲ ವೈರು ಇಷ್ಟು ಶಿಸ್ತಾಗಿ ಸದ್ದು ಮಾಡಲ್ಲ ಅಲ್ವಾ?

ಎರಡೂ ಪ್ರೀಆಂಪ್ ತಮ್ಮ ತಮ್ಮೊಳಗಿನ, ಸಮಯ ಎಣಿಸುವ ಹರಳಿನ ಲೆಕ್ಕದಲ್ಲೇ ಓಡುತ್ತಿದ್ದವು. ಇಂಟರ್‌ಫೇಸ್ ಒಂದರ ಹಿಂದೆ ಮಾತ್ರ ಹೋಗಬಲ್ಲದು. 48,000 ಸ್ಯಾಂಪಲ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ ಧ್ವನಿಯನ್ನು ಅಷ್ಟು ಸಲ ಅಳೆಯುವಾಗ, ಎರಡರ ನಡುವೆ ಹತ್ತು ಲಕ್ಷಕ್ಕೆ 5ರಷ್ಟು ವ್ಯತ್ಯಾಸ ಇದ್ದರೂ ಸಾಕು, ನಾಲ್ಕು ಸೆಕೆಂಡಿಗೆ ಒಂದು ಸ್ಯಾಂಪಲ್ ಹೆಚ್ಚಾಗುತ್ತದೆ ಅಥವಾ ಕಮ್ಮಿಯಾಗುತ್ತದೆ. ಅದೇ ಟಿಕ್.

ಪೆಟ್ಟಿಗೆ ತರುವ ಮೊದಲು ಒಂದು ಕೇಬಲನ್ನು ಎರಡಾಗಿ ಕವಲೊಡೆಸುವ ಟಿ ಕನೆಕ್ಟರ್ ಹಾಕಿ ಒಂದರಿಂದ ಒಂದಕ್ಕೆ ಕ್ಲಾಕ್ ಕೊಟ್ಟು ನೋಡಿದೆ. ಸಾಲಿನ ಕೊನೆಯ ಉಪಕರಣದಲ್ಲಿ ಮಾತ್ರ 75 ಓಮ್ ಟರ್ಮಿನೇಷನ್ (ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ರೋಧಕ) ಇರಬೇಕು. ನನ್ನ ಮಧ್ಯದ ಪ್ರೀಆಂಪ್ ಒಳಗೇ ಅದನ್ನು ಇಟ್ಟುಕೊಂಡಿದೆ, ತೆಗೆಯಲು ಸ್ವಿಚ್ಚೂ ಇಲ್ಲ. ಎರಡು ಕಡೆ ಟರ್ಮಿನೇಷನ್ ಆಗಿ ಸಿಗ್ನಲ್ ಕುಗ್ಗಿತು, ಕೊನೆಯದರ ಲಾಕ್ ದೀಪ (ಕ್ಲಾಕ್ ಹಿಡಿದಿದೆ ಎಂದು ತೋರಿಸುವುದು) ಮಿಣುಕುತ್ತಲೇ ಇತ್ತು.

ಪೆಟ್ಟಿಗೆ ಗೆದ್ದದ್ದು ಇಲ್ಲೇ. ಒಂದೊಂದು ಉಪಕರಣಕ್ಕೂ ಒಂದೊಂದು ಔಟ್‌ಪುಟ್, ಟಿ ಗೋಜೇ ಇಲ್ಲ. ಎಲ್ಲವನ್ನೂ ಎಕ್ಸ್‌ಟರ್ನಲ್ ಕ್ಲಾಕ್‌ಗೆ ಹಾಕಿದೆ, ಮೂರೂ ದೀಪ ಗಟ್ಟಿಯಾಗಿ ನಿಂತವು. ಟಿಕ್ ಅವತ್ತೇ ಹೋಯಿತು, ಮತ್ತೆ ಬಂದಿಲ್ಲ. ಕೇಬಲ್ ಮಾತ್ರ ನೋಡಿ ತಗೊಳ್ಳಿ. ಹಳೆಯ ನೆಟ್‌ವರ್ಕ್‌ನ 50 ಓಮ್ ಕೇಬಲ್ ಕೂಡ ಅದೇ ಬಿಎನ್‌ಸಿಯಲ್ಲಿ ಸಲೀಸಾಗಿ ಕೂರುತ್ತದೆ. ಹೊದಿಕೆಯ ಮೇಲೆ ಅಚ್ಚಾದ ಅಕ್ಷರ ಓದಿದರೆ ಮಾತ್ರ ಗೊತ್ತಾಗುವುದು.

ಈಗ ದೂರು. ಸ್ಯಾಂಪಲ್ ರೇಟ್ ಆರಿಸುವ ನಾಬ್ ತೀರಾ ಸಡಿಲ. ಒಮ್ಮೆ ವೈರು ಸರಿ ಮಾಡುವಾಗ ಅಂಗಿಯ ತೋಳು ತಾಗಿ 48 (ಸಾವಿರ) ಇದ್ದದ್ದು 44.1 ಆಗಿದೆ. ನನಗೆ ಗೊತ್ತಿಲ್ಲ. ಉಪಕರಣಗಳೆಲ್ಲ ವಿಧೇಯವಾಗಿ ಹಿಂದೆ ಹೋದವು, ಟಿಕ್ ಇಲ್ಲ, ಎಚ್ಚರಿಕೆ ಇಲ್ಲ. ಫೈಲಿನಲ್ಲಿ ಮಾತ್ರ 48 ಅಂತಲೇ ದಾಖಲಾಯಿತು. ಮನೆಗೆ ಬಂದು ಹಾಕಿದರೆ ಹಾಡು ವೇಗವಾಗಿ ಓಡುತ್ತಿದೆ, ಶ್ರುತಿ ಹತ್ತಿರ ಹತ್ತಿರ ಒಂದೂವರೆ ಸ್ವರಸ್ಥಾನ ಮೇಲೆ! ಫೈಲಿನ ರೇಟನ್ನು 44.1 ಅಂತ ತಿದ್ದಿ, ಆಮೇಲೆ 48ಕ್ಕೆ ಬದಲಾಯಿಸಿ ಉಳಿಸಿಕೊಂಡೆ. ನಾಬ್‌ಗೊಂದು ಲಾಕ್ ಕೊಡೋಕೆ ಏನು ಕಷ್ಟವಿತ್ತೋ.

ಪೆಟ್ಟಿಗೆಯ ಮೇಲೆ ‘ಧ್ವನಿ ಇನ್ನಷ್ಟು ತೆರೆದುಕೊಳ್ಳುತ್ತದೆ’ ಅಂತ ಬರೆದಿದ್ದಾರೆ. ಒಂದೇ ತಂಬೂರಿಯನ್ನು ಇಂಟರ್ನಲ್ ಕ್ಲಾಕ್‌ನಲ್ಲೊಮ್ಮೆ, ಇದರಲ್ಲೊಮ್ಮೆ ರೆಕಾರ್ಡ್ ಮಾಡಿ, ಹೆಸರು ಮುಚ್ಚಿ ಕೇಳಿದೆ. ನನಗೆ ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಆಗಬೇಕೆಂದೂ ಇಲ್ಲ. ಚೆನ್ನಾಗಿ ಮಾಡಿದ ಕನ್ವರ್ಟರ್‌ಗೆ (ಸದ್ದನ್ನು ಅಂಕಿಗಳಾಗಿಸುವ ಭಾಗ) ಪಕ್ಕದಲ್ಲೇ ಇರುವ ಹರಳು ಸಾಮಾನ್ಯವಾಗಿ ಹೆಚ್ಚು ಸ್ಥಿರ. ಹೊರಗಿನ ಕ್ಲಾಕ್ ಕೇಬಲ್ ದಾಟಿ, ಒಳಗೆ ಅದನ್ನು ಹಿಂಬಾಲಿಸುವ ಪಿಎಲ್ಎಲ್ ಸರ್ಕ್ಯೂಟ್ ಹಾದು ಬರಬೇಕು.

‘ಟೈಮ್‌ಕೋಡ್ ಇದೆಯಲ್ಲ, ಇದ್ಯಾಕೆ?’ ಎಂದು ಗೆಳೆಯರೊಬ್ಬರು ಕೇಳಿದ್ದರು. ಟೈಮ್‌ಕೋಡ್, ಅಂದರೆ ರೆಕಾರ್ಡಿಂಗ್ ಜೊತೆ ಬರುವ ಗಂಟೆ-ನಿಮಿಷದ ಗುರುತು, ಎಲ್ಲಿದ್ದೀರಿ ಅಂತ ಹೇಳುತ್ತದೆ, ಎಷ್ಟು ವೇಗದಲ್ಲಿ ಹೋಗಬೇಕು ಅಂತಲ್ಲ. ಎರಡು ರೆಕಾರ್ಡರ್‌ಗಳ ಹರಳಿನಲ್ಲಿ ಹತ್ತು ಲಕ್ಷಕ್ಕೆ 20ರ ವ್ಯತ್ಯಾಸವಿದ್ದರೆ, ಶುರುವಿನಲ್ಲಿ ಕೂಡಿಸಿದ್ದು ಗಂಟೆಯ ಕೊನೆಗೆ 72 ಮಿಲಿಸೆಕೆಂಡ್ ತಪ್ಪಿರುತ್ತದೆ.

ಎರಡೇ ಉಪಕರಣ ಇರುವವರಿಗೆ ಇದು ಮೂಗಿಗಿಂತ ಮೂಗುತಿ ಭಾರ. ಒಂದನ್ನು ಮಾಸ್ಟರ್ ಮಾಡಿ, ಇನ್ನೊಂದು ಅದನ್ನೇ ಅನುಸರಿಸುವ ಹಾಗೆ ಇಡಿ. ಮೂರೋ ನಾಲ್ಕೋ ಇದ್ದರೆ ಧಾರಾಳವಾಗಿ ತಗೊಳ್ಳಿ. ಜೊತೆಗೆ ಒಂದು ಸುರುಳಿ ಟೇಪ್ ಕೂಡ. ನನ್ನ ನಾಬ್ 48ರ ಮೇಲೆ ಮೂರು ಸುತ್ತು ಟೇಪಿನಡಿ ಕೂತಿದೆ.