ಅಕ್ಷರ ತಿದ್ದಿಸಲು ಮರಳು, ಸ್ಯಾಂಡ್‌ಪೇಪರ್, ಜೇಡಿಮಣ್ಣು: ಯಾವುದು ಯಾರಿಗೆ?

ಒಂದು ಕಡೆ ಕೂರದ, ಪೆನ್ಸಿಲ್ ಕಂಡರೆ ಮುಖ ತಿರುಗಿಸುವ ಮಕ್ಕಳಿಗೆ ಅಕ್ಷರ ಕಲಿಸುವುದು ನನ್ನ ಕೆಲಸ. ಕೆಲವರಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ), ಕೆಲವರಿಗೆ ಆಟಿಸಂ, ಇನ್ನು ಕೆಲವರ ಕಲಿಕೆಯೇ ನಿಧಾನ. ಇವರ ಜೊತೆ ಈ ಮೂರನ್ನೂ ಬಳಸಿ ನೋಡಿದ್ದೇನೆ. ನನ್ನ ಒಲವು ಜೇಡಿಮಣ್ಣಿನ ಕಡೆಗೆ. ಆದರೆ ಎಲ್ಲ ಮಕ್ಕಳಿಗೂ ಅಲ್ಲ.

ಮರಳಿನ ತಟ್ಟೆ ಮಕ್ಕಳಿಗೆ ಬಲು ಇಷ್ಟ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಸಾಕು, ಗುರುತೇ ಉಳಿಯುವುದಿಲ್ಲ. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ಹರಿದು ಬೈಸಿಕೊಂಡ ಮಗುವಿಗೆ ಇದು ದೊಡ್ಡ ಸಮಾಧಾನ. ತೊಂದರೆ ಏನಂದ್ರೆ, ಗಮನ ಬೇಗ ಜಾರುವ ಮಗುವಿಗೆ ಮರಳೇ ಆಟ. ಎರಡು ಅಕ್ಷರ ಆಗುವಷ್ಟರಲ್ಲಿ ಮುಷ್ಟಿ ತುಂಬಿ ಸುರಿಯಲು ಶುರು. ತೆಳ್ಳಗೆ ಹರಡಿದರೆ ಸ್ವಲ್ಪ ಕಮ್ಮಿ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿಗಂತೂ ಬೇಡವೇ ಬೇಡ.

ಸ್ಯಾಂಡ್‌ಪೇಪರನ್ನು ಅಕ್ಷರದ ಆಕಾರಕ್ಕೆ ಕತ್ತರಿಸಿ ನುಣುಪಾದ ಹಲಗೆಗೆ ಅಂಟಿಸಿದ ಸ್ಯಾಂಡ್‌ಪೇಪರ್ ಅಕ್ಷರಗಳು ಮಾಂಟೆಸ್ಸರಿ ಪದ್ಧತಿಯವು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮೊದಲ ಶಾಲೆ ತೆರೆಯುವ ಮುಂಚೆ ಬುದ್ಧಿ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗೇ ಕಲಿಸಿದವರು. ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಒರಟು ಗೆರೆಯ ಮೇಲೆ ಆಡಿಸಬೇಕು. ಬೆರಳು ಗೆರೆ ಬಿಟ್ಟು ನುಣುಪಿಗೆ ಇಳಿದರೆ ಮಗುವಿಗೇ ಗೊತ್ತಾಗುತ್ತದೆ, ನಾವು ಬಾಯಿ ಬಿಡಬೇಕಿಲ್ಲ. ಎಲ್ಲಿ ಶುರು, ಯಾವ ಕಡೆ ತಿರುವು ಅನ್ನೋದನ್ನು ಇದರಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸಿಲ್ಲ. ಬೇಜಾರು ಬೇಗ ಬರುತ್ತದೆ, ಹಾಗಾಗಿ ಒಂದೆರಡು ಅಕ್ಷರಕ್ಕೆ ನಿಲ್ಲಿಸಿ. ಒರಟು ಮುಟ್ಟಿದ ಕೂಡಲೇ ಕೈ ಎಳೆದುಕೊಳ್ಳುವವರಿಗೆ ವೆಲ್ವೆಟ್ ಬಟ್ಟೆಯ ಅಕ್ಷರ ಮಾಡಿಕೊಡುತ್ತೇನೆ.

ಜೇಡಿಮಣ್ಣಿನಲ್ಲಿ ಕೈಗೆ ಕೆಲಸ ಜಾಸ್ತಿ. ನಾದಬೇಕು, ಹೊಸೆಯಬೇಕು, ಬಗ್ಗಿಸಬೇಕು. ಚಡಪಡಿಸುವ ಕೈ ಅಲ್ಲೇ ನಿಲ್ಲುತ್ತದೆ, ಬೆರಳಿಗೆ ಬಲವೂ ಬರುತ್ತದೆ. ಒಬ್ಬ ಹುಡುಗ ವ, ಮ ಎರಡನ್ನೂ ಅದಲುಬದಲು ಮಾಡುತ್ತಲೇ ಇದ್ದ. ಮಣ್ಣನ್ನು ಬತ್ತಿಯಂತೆ ಹೊಸೆದು ವ ಮಾಡಿದ. ಬಲಗಡೆ ಇನ್ನೊಂದು ತುಂಡು ಸೇರಿಸಿ ಬಗ್ಗಿಸಿದ, ಮ ಆಯ್ತು. ಕಿತ್ತ, ವ. ಅಂಟಿಸಿದ, ಮ. ಯಾರೂ ಹೇಳದೆ ಅದನ್ನೇ ಮಾಡುತ್ತಾ ಕೂತ. ಎಷ್ಟು ಸಲ ಬರೆಸಿದರೂ ಕಾಣದ ವ್ಯತ್ಯಾಸ ಅವನ ಬೆರಳ ತುದಿಗೇ ಸಿಕ್ಕಿತ್ತು. ಪ, ಷ ಗೊಂದಲಕ್ಕೂ ಇದೇ ದಾರಿ: ಪ ಮಾಡಿಸಿ, ಒಳಗೆ ಒಂದು ಗೆರೆ ಇಡಿಸಿ.

ಆದರೆ ಮಣ್ಣು ಬರೆಯುವ ದಿಕ್ಕನ್ನು ಕಲಿಸುವುದಿಲ್ಲ. ಮಗು ಅಕ್ಷರವನ್ನು ಯಾವ ತುದಿಯಿಂದ ಬೇಕಾದರೂ ಕಟ್ಟಬಹುದು, ಅಲ್ವಾ? ಅದಕ್ಕೇ ಮಣ್ಣಿನಲ್ಲಿ ಮಾಡಿದ ಅಕ್ಷರವನ್ನೇ ಆಮೇಲೆ ಸ್ಯಾಂಡ್‌ಪೇಪರ್ ಮೇಲೆ ತಿದ್ದಿಸಿ, ಕೈ ಬಿಸಿ ಇರುವಾಗಲೇ ಪೆನ್ಸಿಲ್ ಕೊಡುತ್ತೇನೆ. ಅಂಟು ಸಹಿಸದ ಮಗುವಿಗೆ ಮಣ್ಣಿನ ಬಲವಂತ ಮಾಡುವುದಿಲ್ಲ. ಅವರ ಪಾಠ ನೇರ ಸ್ಯಾಂಡ್‌ಪೇಪರ್‌ನಿಂದಲೇ ಶುರು.