ಅಮೆರಿಕಕ್ಕೆ ಕೌದಿ ಕಳಿಸಲು ಅಂಚೆಯೋ, ಕೊರಿಯರ್ರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಅಂಚೆಗೆ. ಕೊರಿಯರ್‌ನಲ್ಲಿ ಕೈ ಸುಟ್ಟುಕೊಂಡ ಮೇಲೆ ಬರೆಯುತ್ತಿದ್ದೇನೆ, ಹಾಗಾಗಿ ತಕ್ಕಡಿ ಸ್ವಲ್ಪ ವಾಲಿದ್ದರೆ ಕ್ಷಮೆ ಇರಲಿ. ಇಲ್ಲಿರುವುದೆಲ್ಲ ಡಿಸೆಂಬರ್ 2025ರ ಲೆಕ್ಕ. ವಾಷಿಂಗ್‌ಟನ್‌ನವರ ಮನಸ್ಸು ಬದಲಾದರೆ ಲೆಕ್ಕವೂ ಬದಲು.

ಧಾರವಾಡದಲ್ಲಿ ನಾವು ಐದು ಜನ ಹೆಂಗಸರು ಕೌದಿ ಹೊಲಿದು ಮಾರುತ್ತೇವೆ. ತಿಂಗಳಿಗೆ ಎಂಟೋ ಹತ್ತೋ ಆಗುತ್ತವೆ, ಅರ್ಧದಷ್ಟು ಅಮೆರಿಕಕ್ಕೇ ಹೋಗುತ್ತಿದ್ದವು. 2016ರಿಂದ ಅಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲ. ಕಸ್ಟಮ್ಸ್ ಎಂದರೆ ದೊಡ್ಡ ದೊಡ್ಡ ಕಂಟೇನರ್‌ಗಳ ಉಸಾಬರಿ ಎಂದುಕೊಂಡು ಆರಾಮಾಗಿದ್ದೆವು. 2025ರ ಆಗಸ್ಟ್ 27ಕ್ಕೆ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕ ಶೇ 25ರಿಂದ ಶೇ 50ಕ್ಕೆ ಏರಿತು. ಎರಡೇ ದಿನಕ್ಕೆ, 29ರಂದು, 800 ಡಾಲರ್ ವಿನಾಯಿತಿಯೂ ಹೋಯಿತು. ಸುಂಕವನ್ನು ಯಾರು ವಸೂಲು ಮಾಡಿ ಯಾರಿಗೆ ಕಟ್ಟಬೇಕು ಎಂಬುದೇ ಬಗೆಹರಿಯದೆ ನಮ್ಮ ಅಂಚೆ ಇಲಾಖೆ ಅದಕ್ಕೂ ಮೊದಲೇ, 25ರಿಂದ, ಅಮೆರಿಕದ ಪಾರ್ಸೆಲ್ ನಿಲ್ಲಿಸಿತ್ತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ನಡುವಿನ ಆ ಒಂದೂವರೆ ತಿಂಗಳಲ್ಲೇ ನಾನು ಕೊರಿಯರ್ ಬಾಗಿಲು ತಟ್ಟಿದ್ದು.

ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಕನ್ನಡದ ಹೆಣ್ಣುಮಗಳೊಬ್ಬಳಿಂದ ಆರ್ಡರ್ ಬಂತು. ನಾಲ್ಕನೇ ಕೌದಿ ಅದು, ಹಳೇ ಗಿರಾಕಿ. ಕೌದಿಗೆ 90 ಡಾಲರ್, ಸಾಗಣೆಗೆ 60. ಆದರೆ ‘ಸಾಗಣೆ ಉಚಿತ’ ಅಂದರೆ ಜನ ಬೇಗ ಕೊಳ್ಳುತ್ತಾರೆಂದು ನಾನು ಯಾವಾಗಲೂ ಎರಡನ್ನೂ ಸೇರಿಸಿ 150 ಎಂದೇ ಬರೆಯುತ್ತಿದ್ದೆ. ಇನ್‌ವಾಯ್ಸ್‌ನಲ್ಲೂ ಅದೇ ಒಂದು ಸಾಲು: ಕೌದಿ, 1, 150 ಡಾಲರ್. ಡ್ಯೂಟಿ ಏನಾಗುತ್ತದೆ ಎಂದು ಏಜೆಂಟರ ಅಂಗಡಿಯ ಹುಡುಗನನ್ನು ಕೇಳಿದೆ. “ಅದನ್ನ ಅಲ್ಲೇ ಅವರ ಕಟ್ಕೊಂತಾರ್ರಿ ಮೇಡಂ, ನೀವ್ಯಾಕ ತಲಿ ಕೆಡಿಸ್ಕೊಂತೀರಿ” ಎಂದ. ಕೆಡಿಸಿಕೊಳ್ಳಲಿಲ್ಲ.

ಆರನೇ ದಿನ ರಾತ್ರಿ ಹನ್ನೊಂದಕ್ಕೆ ಅವಳ ಮೆಸೇಜು. ಬಿಲ್ಲಿನ ಫೋಟೋ, ಕೆಳಗೆ ಒಂದು ಸಾಲು: “ಅಕ್ಕ, ಇದು ಮೊದಲೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು.” ಎಲ್ಲ ಸೇರಿ 100 ಡಾಲರ್ ಚಿಲ್ಲರೆ. 150 ಕೊಟ್ಟು ಕೊಂಡ ವಸ್ತುವಿಗೆ ಬಾಗಿಲಲ್ಲಿ ಮತ್ತೆ ನೂರು! ಕೊಡದಿದ್ದರೆ ಪಾರ್ಸೆಲ್ ವಾಪಸ್, ವಾಪಸಿನ ಖರ್ಚು ನನ್ನದು.

ಬಿಲ್ ಬಿಡಿಸಿ ನೋಡಿದಾಗ ನನ್ನ ದಡ್ಡತನ ಗೊತ್ತಾಯಿತು. ಅಮೆರಿಕದ ಕಸ್ಟಮ್ಸ್ ಸುಂಕ ಹಾಕುವುದು ವಸ್ತುವಿನ ಬೆಲೆಯ ಮೇಲೆ. ಸಮುದ್ರ ದಾಟಿಸುವ ಖರ್ಚನ್ನು ಬೇರೆಯಾಗಿ ತೋರಿಸಿದ್ದರೆ ಅದಕ್ಕೆ ಸುಂಕವಿಲ್ಲ. ನಾನು ತೋರಿಸಿರಲಿಲ್ಲ. 90ರ ಅರ್ಧ 45 ಆಗಬೇಕಿದ್ದಲ್ಲಿ 150ರ ಅರ್ಧ 75 ಬಿತ್ತು. ಅಂದರೆ ವಿಮಾನದ ಬಾಡಿಗೆಗೂ ಸುಂಕ ಕಟ್ಟಿದಂತಾಯಿತು. ಅದರ ಮೇಲೆ ಕೌದಿಯ ಮಾಮೂಲಿ ಸುಂಕ ಬೇರೆ. ಅದರ ಮೇಲೆ ‘ನಿಮ್ಮ ಪರವಾಗಿ ಮುಂಗಡ ಕಟ್ಟಿದ್ದೇವೆ’ ಎಂದು ಕೊರಿಯರ್‌ನವರ ಸೇವಾ ಶುಲ್ಕ. ನಾನು 50 ಡಾಲರ್ ಅವಳಿಗೆ ವಾಪಸ್ ಹಾಕಿದೆ. ಹೊಲಿದವರ ಕೂಲಿ ಆಗಲೇ ಕೊಟ್ಟಾಗಿತ್ತು. ಆ ಕೌದಿಯಲ್ಲಿ ನನಗೆ ಉಳಿದದ್ದು ಆ ಒಂದು ಸಾಲಿನ ಮೆಸೇಜು.

ಮಾಮೂಲಿ ಸುಂಕದ್ದು ಇನ್ನೊಂದು ತಮಾಷೆ. ಕಸ್ಟಮ್ಸ್‌ನವರು ಒಂದೊಂದು ಬಗೆಯ ಸರಕಿಗೆ ಒಂದೊಂದು ಕೋಡ್ ಇಟ್ಟಿರುತ್ತಾರೆ, ಕೌದಿ ಬರುವುದು 9404ರ ಕೋಡಿನಡಿ. ಅಲ್ಲಿ ಹತ್ತಿಯದಾದರೆ ಒಂದು ದರ, ಬೇರೆಯದಾದರೆ ಇನ್ನೊಂದು. ಎರಡನೇ ಸಲ ಹೋದಾಗ ಆ ಹುಡುಗ ಫಾರ್ಮ್ ಮುಂದಿಟ್ಟುಕೊಂಡು, ಹತ್ತಿ ಎಷ್ಟು ಪರ್ಸೆಂಟು, ಪಾಲಿಸ್ಟರ್ ಎಷ್ಟು ಎಂದು ಕೇಳಿದ. ಹೊಲಿದ ಆಯಿಗೆ ಫೋನ್ ಹಚ್ಚಿದೆ. “ಅದರಾಗ ನಮ್ಮ ಅತ್ತಿ ಸೀರಿ ಐತಿ, ಗಂಡನ ಎರಡ ಧೋತರ ಅದಾವು, ಉಳಿದದ್ದ ನನಗೇನ ನೆನಪೈತವ್ವಾ” ಅಂದಳು. ಹನ್ನೊಂದು ಹಳೇ ಬಟ್ಟೆ, ನಾಲ್ಕು ಪದರ, ಮೇಲೆ ಬೆರಳಗಲಕ್ಕೊಂದು ದಪ್ಪ ದಾರದ ಸಾಲು. ಬಿಚ್ಚಿ ತೂಗುವುದೇ? ಅಂದಾಜಿಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ. ಪಾರ್ಸೆಲ್ ಮನೆಗೆ ತಂದೆ.

ಅಂಚೆ ಗೆದ್ದದ್ದು ಇಲ್ಲೇ. ಅಕ್ಟೋಬರ್‌ನಲ್ಲಿ ಪಾರ್ಸೆಲ್ ಮತ್ತೆ ಶುರುವಾದಾಗ ಮಾಡಿದ ನಿಯಮ ಸರಳವಾಗಿತ್ತು: ನೀವು ಘೋಷಿಸಿದ ಬೆಲೆಯ ಶೇ 50, ಒಂದೇ ದರ, ವಸ್ತುವಿಗೊಂದು ಪ್ರತ್ಯೇಕ ಸುಂಕ ಮೇಲೆ ಬೀಳುತ್ತಿರಲಿಲ್ಲ. ಅತ್ತೆಯ ಸೀರೆ ಹತ್ತಿಯದೋ ಟೆರಿಕಾಟೋ, ಸುಂಕ ಅಷ್ಟೇ. ಅದನ್ನು ಬುಕಿಂಗ್ ಹೊತ್ತಿಗೇ ಇಲ್ಲಿ ಕಟ್ಟಿಬಿಡುತ್ತೇವೆ. ಕೊಳ್ಳುವವರ ಬಾಗಿಲಲ್ಲಿ ಬಿಲ್ ಹಿಡಿದು ಯಾರೂ ನಿಲ್ಲುವುದಿಲ್ಲ. ಹೀಗೆ ಕಟ್ಟಿಸಿಕೊಳ್ಳುವುದಕ್ಕೆ ಅಂಚೆಯವರು ಬೇರೆ ಶುಲ್ಕವನ್ನೂ ಹಾಕುವುದಿಲ್ಲ. 90 ಡಾಲರ್ ಕೌದಿಗೆ ಆಗ 45, ಅಂದರೆ ಸುಮಾರು 4,000 ರೂಪಾಯಿ. ಕಡಿಮೆಯೇನಲ್ಲ. ಆದರೆ ಕೌದಿ ಮನೆ ಬಿಡುವ ಮೊದಲೇ ಗೊತ್ತಿರುತ್ತದೆ, ಬೆಲೆ ಹೇಳುವಾಗಲೇ ಸೇರಿಸಿ ಹೇಳಬಹುದು. ಆಯಿಗೆ ಈ ಲೆಕ್ಕ ಹೇಳಿದಾಗ “ಅರ್ಧ ಕೌದಿ ಕತ್ತರಿಸಿ ಸರಕಾರಕ್ಕ ಕೊಟ್ಟಂಗಾತು” ಎಂದಳು.

ಇನ್ನೊಂದು ಲಾಭ ತೂಕದ್ದು. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ನನ್ನ 40, 35, 20ರ ಪೆಟ್ಟಿಗೆ 5.6 ಕಿಲೋ ಆಯಿತು. ಒಳಗಿದ್ದ ಕೌದಿ ಎರಡು ಕಿಲೋ ಚಿಲ್ಲರೆ. ಅಂಚೆ ಕೌಂಟರಿನಲ್ಲಿ ತಕ್ಕಡಿ ತೋರಿಸಿದಷ್ಟಕ್ಕೇ ದುಡ್ಡು ಕೊಟ್ಟೆ.

ವೇಗದಲ್ಲಿ ಅಂಚೆ ಸೋಲುತ್ತದೆ. ಕೊರಿಯರ್ ಆರು ದಿನ ತೆಗೆದುಕೊಂಡಿತು, ಅಂಚೆಗೆ ಮೂರು ವಾರ. ಹೆಸರಿಡುವ ದಿನ ಗೊತ್ತಾದ ಮೇಲೆ ತೊಟ್ಟಿಲ ಕೌದಿ ಕೇಳುವವರಿಗೆ ನಾನು ಈಗ ಇಲ್ಲ ಎನ್ನುತ್ತೇನೆ. ಕೊರಿಯರ್‌ನಲ್ಲೂ ಸುಂಕವನ್ನು ಮುಂಗಡ ಕಟ್ಟಿ ಕಳಿಸುವ ದಾರಿ ಇದೆ, ಅದಕ್ಕೆ ಮತ್ತೊಂದು ಶುಲ್ಕ. 40,000 ರೂಪಾಯಿಯ ಸೀರೆ ಮಾರುವವರಾಗಿದ್ದರೆ ಅದನ್ನೇ ಆರಿಸುತ್ತಿದ್ದೆನೇನೋ. 8,000 ರೂಪಾಯಿಯ ಕೌದಿಗೆ ಒಗ್ಗುವುದಿಲ್ಲ.

ಮೂರನೆಯ ದಾರಿ ಬೆಂಗಳೂರಿನ ರಫ್ತುದಾರರ ಕೈಗೆ ಸಗಟು ಕೊಡುವುದು. ಕಾಗದಪತ್ರದ ತಲೆನೋವಿಲ್ಲ, ಸಿಗುವುದು ಅರ್ಧ ಬೆಲೆ. ಈಗ ಅದರಲ್ಲೂ ಸುಂಕದ ಪಾಲು ಹೊರಿ ಅನ್ನುತ್ತಿದ್ದಾರೆ. ಬೇಡ.

ಇನ್ನೊಂದು ದಾರಿ ಅಮೆರಿಕಕ್ಕೆ ಹೋಗುವ ಮೈದುನನ ಸೂಟ್‌ಕೇಸ್‌ನಲ್ಲಿ ಇಟ್ಟು ಕಳಿಸುವುದು: ಮಾರುವ ಸಾಮಾನನ್ನು ಅಲ್ಲಿ ಇಳಿದಾಗ ಘೋಷಿಸಲೇಬೇಕು. ಅವನ ವೀಸಾ ಪಣಕ್ಕಿಟ್ಟು ಎರಡು ಕೌದಿ ಮಾರುವ ಆಸೆ ನನಗಿಲ್ಲ. ‘ಗಿಫ್ಟ್ ಅಂತ ಬರೆಯಿರಿ, 100 ಡಾಲರ್ ತನಕ ಫ್ರೀ’ ಎನ್ನುವ ಗಿರಾಕಿಗಳಿಗೂ ಇದೇ ಉತ್ತರ. ಆ ವಿನಾಯಿತಿ ನಿಜವಾಗಿ ಉಡುಗೊರೆ ಕಳಿಸುವವರದ್ದು.

ಈಗಿನ ನನ್ನ ರೂಢಿ ಹೀಗಿದೆ. ಇನ್‌ವಾಯ್ಸ್‌ನಲ್ಲಿ ಮೂರು ಸಾಲು: ಕೌದಿ, ಸಾಗಣೆ, ಸುಂಕ. ‘ಸಾಗಣೆ ಉಚಿತ’ ತೆಗೆದುಹಾಕಿದ್ದೇನೆ. ಅಮೆರಿಕದ ಆರ್ಡರ್ ತಿಂಗಳಿಗೆ ಒಂದೋ ಎರಡೋ ಆಗಿವೆ, ಅವು ಅಂಚೆಯಲ್ಲೇ ಹೋಗುತ್ತವೆ. ಆಸ್ಟ್ರೇಲಿಯದಲ್ಲಿ ಅಲ್ಲಿನ 1,000 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕವಿಲ್ಲ, ಅಲ್ಲಿ ವರ್ಷಕ್ಕೆ 75,000 ಡಾಲರ್ ವಹಿವಾಟು ಮುಟ್ಟದ ನನ್ನಂಥವರು ಅವರ ಜಿಎಸ್‌ಟಿಗೂ ಹೆಸರು ನೋಂದಾಯಿಸಬೇಕಿಲ್ಲ. ಮೆಲ್ಬರ್ನ್‌ಗೆ ಮೊದಲ ಕೌದಿ ಸೋಮವಾರ ಹೊರಡುತ್ತದೆ. ಸುಂಕದ ಸಾಲಿನಲ್ಲಿ ಸೊನ್ನೆ ಬರೆದು, ತಪ್ಪಿರಬಹುದೇನೋ ಎಂದು ಎರಡು ಸಲ ನೋಡಿದೆ.